ಅರ್ಧ ಹಾಡು

"ಕಾಣೆಯಾದ ಮಕ್ಕಳ ಹೆಸರು ಓದೋದು ಅಂತ ನಮ್ಮ ನಿಮ್ಮ ಒಪ್ಪಂದ. ಹಾಡು ಹಾಕೋದು ಅಂತ ಯಾರೂ ಮಾತಾಡಿಲ್ಲ," ಎಂದು ಅಜಾಕ್ ಕುರ್ಚಿಗೆ ಒರಗಿದ. ನೈಲ್ ನದಿಯ ದಡದ ಬೋರ್ ಪಟ್ಟಣದ ಆ ಪುಟ್ಟ ರೇಡಿಯೊ ನಿಲಯಕ್ಕೆ ಅವನೇ ಯಜಮಾನ.

ಎದುರಿಗೆ ಕೂತಿದ್ದ ಅಲುವೇಲ್ ಮಕ್ಕಳ ನೆರವು ಸಂಸ್ಥೆಯೊಂದರವಳು. ರೇಡಿಯೊದವರನ್ನು, ಫೋನ್ ಕಂಪನಿಯವರನ್ನು, ಚರ್ಚಿನವರನ್ನು ಒಲಿಸಿ ಸಂಸ್ಥೆಯ ಕೆಲಸಕ್ಕೆ ಜೊತೆ ಮಾಡಿಕೊಳ್ಳುವುದು ಅವಳ ಉದ್ಯೋಗ. ನೈಲ್ ಉಕ್ಕಿ ಊರಿಗೆ ಊರೇ ಕೊಚ್ಚಿಹೋದ ಮೇಲೆ, ಬೆಳಗಿನ ವಾರ್ತೆ ಮುಗಿದೊಡನೆ ಹೆತ್ತವರಿಂದ ಅಗಲಿದ ಮಕ್ಕಳ ಹೆಸರು ಓದಿಸುವ ಏರ್ಪಾಡು ಮಾಡಿದವಳೂ ಅವಳೇ. ಅದರ ಖರ್ಚು ಫೋನ್ ಕಂಪನಿಯದು.

"ನಮ್ಮ ನೆರೆ ಶಿಬಿರದ ಈ ಮಗು ವಿಷಯದಲ್ಲಿ ಓದೋಕೆ ಹೆಸರೇ ಇಲ್ಲ ಅಣ್ಣ," ಎಂದಳು ಅಲುವೇಲ್. "ಅದುತ್ ಅಂತಾಳೆ. ಅದುತ್ ಅಂತ ಕೂಗಿದರೆ ಅರ್ಧ ಶಿಬಿರ ತಿರುಗಿ ನೋಡುತ್ತೆ. ಅಪ್ಪನ ಹೆಸರೇನು ಅಂದರೆ ‘ಅಪ್ಪ’. ಯಾವ ಊರು ಅಂದರೆ ‘ದನ ಇರೋ ಕಡೆ’. ಕರ್ಕೊಂಡು ಬಂದ ಅಜ್ಜಿ ದೋಣಿಯಲ್ಲೇ ಕಣ್ಣು ಮುಚ್ಚಿದಳು. ಯಾರೂ ಬರದಿದ್ದರೆ ಮುಂದಿನ ವಾರ ರಾಜಧಾನಿ ಜೂಬಾದ ಅನಾಥಾಲಯಕ್ಕೆ ಕಳಿಸ್ತಾರೆ. ಅವಳ ಹತ್ತಿರ ಉಳಿದಿರೋದು ಅಪ್ಪನ ಈ ಹಾಡೊಂದೇ."

ಅವಳು ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ‘ನನ್ನ ಮಲುವಾಲ್, ನನ್ನ ಕೆಂದೆತ್ತೇ, ನೀ ನಡೆದರೆ ಹುಲ್ಲು ದಾರಿ ಬಿಡುತ್ತೆ...’ ಎಳೆಯ ದನಿ ಏರಬೇಕಾದ ಕಡೆ ಇಳಿದು, ಇಳಿಯಬೇಕಾದ ಕಡೆ ಕೆಮ್ಮಿ, ಹೇಗೋ ಮುಂದೆ ಹೋಗುತ್ತಿತ್ತು. ಅವರಲ್ಲಿ ಗಂಡಸಾದವನು ತನ್ನ ಎತ್ತಿಗೆ ತಾನೇ ಕಟ್ಟಿಕೊಳ್ಳುವ ಹಾಡು ಅದು. ಒಬ್ಬನ ಹಾಡು ಇನ್ನೊಬ್ಬನದಾಗುವುದಿಲ್ಲ; ಕೇಳಿದರೆ ಯಾರದೆಂದು ಮನೆಯವರಿಗೆ ಗೊತ್ತಾಗುತ್ತದೆ.

"ರಾಗ ಒಂದು ದಿಕ್ಕು, ತಾಳ ಒಂದು ದಿಕ್ಕು," ಎಂದ ಅಜಾಕ್. "ಜನ ರೇಡಿಯೊನೂ ನೆರೆಯಲ್ಲಿ ಮುಳುಗ್ತು ಅಂತಾರೆ. ಕಂಪನಿಯವರು ನನ್ನ ಕಿವಿ ಹಿಂಡ್ತಾರೆ."

"ಕಂಪನಿಯವರಿಗೆ ನಾನು ಹೇಳ್ಕೋತೀನಿ. ಅಣ್ಣ, ನಿಮ್ಮ ಎತ್ತಿನ ಹೆಸರೇನಿತ್ತು?"

ಅಜಾಕ್ ಟೈ ಸಡಿಲ ಮಾಡಿಕೊಂಡು ಕಿಟಕಿಯ ಆಚೆ ನೋಡಿದ. "ಮಾಕುರ್," ಎಂದ. "ಅದರ ಹಾಡು ನನ್ನ ಮಗನಿಗೂ ಬರಲ್ಲ." ಆಮೇಲೆ ಫೋನನ್ನು ತನ್ನ ಕಡೆಗೆಳೆದುಕೊಂಡ. "ಕೊಡು. ಪೂರ್ತಿ ಹಾಕ್ತೀನಿ."

"ಅರ್ಧ ಸಾಕು. ಇನ್ನರ್ಧ ನನ್ನ ಹತ್ತಿರ ಇರಲಿ."

ಅಜಾಕ್ ಅವಳ ಮುಖ ನೋಡಿ ನಕ್ಕ. "ನರಿ ಕಣೇ ನೀನು."

ನರಿಯಾಗದೆ ವಿಧಿಯಿರಲಿಲ್ಲ. ಹೆಣ್ಣುಮಗು ಎಂದರೆ ಮುಂದೊಂದು ದಿನ ಮದುವೆಗೆ ಗಂಡಿನ ಕಡೆಯಿಂದ ಬರುವ ದನದ ಹಿಂಡು. ಆ ಲೆಕ್ಕ ಹಾಕಿಕೊಂಡು ಬಂಧುವಾಗಿ ಬರುವವರಿಗೆ ಅಲ್ಲಿ ಬರವಿರಲಿಲ್ಲ. ಹಾಡು ಪ್ರಸಾರವಾದ ಮಾರನೆಯ ದಿನವೇ ಇಸ್ತ್ರಿ ಅಂಗಿಯವನೊಬ್ಬ ಕಣ್ಣೊರೆಸಿಕೊಳ್ಳುತ್ತ ಶಿಬಿರಕ್ಕೆ ಬಂದ. ಕೈ ಎತ್ತಿ, ಕೊಂಬಿನ ಹಾಗೆ ಬಾಗಿಸಿ, ಬಹಳ ಚೆನ್ನಾಗಿ ಹಾಡಿದ. ರೇಡಿಯೊದಲ್ಲಿ ನಿಂತ ಕಡೆಗೆ ಸರಿಯಾಗಿ ನಿಂತ. "ಮುಂದೆ?" ಎಂದಳು ಅಲುವೇಲ್. ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಅವನನ್ನು ಸಮಾಧಾನವಾಗಿ ಗೇಟಿನವರೆಗೆ ಬಿಟ್ಟು ಬಂದಳು. ಇನ್ನೂ ಒಂದಿಬ್ಬರು ಬಂದು ಹಾಗೆಯೇ ಹೋದರು. ವಾರ ಕಳೆಯುತ್ತ ಬಂತು. ಜೂಬಾಕ್ಕೆ ಹೋಗುವ ದೋಣಿಯ ಪಟ್ಟಿಗೆ ಮಗುವಿನ ಹೆಸರೂ ಸೇರಿತು.

ದೋಣಿ ಹೊರಡುವ ಹಿಂದಿನ ಮಧ್ಯಾಹ್ನ, ಮೊಣಕಾಲವರೆಗೆ ಕೆಸರು ಮೆತ್ತಿದ ಉದ್ದನೆಯ ಆಳೊಬ್ಬ ಅಲುವೇಲ್‌ಳ ಡೇರೆಯೊಳಗೆ ತಲೆ ತಗ್ಗಿಸಿ ಬಂದ. ಹೆಸರು ಚಗಾಯ್ ಎಂದ. ನಡುಗಡ್ಡೆಯಲ್ಲಿ ಮೀನುಗಾರರ ರೇಡಿಯೊದಲ್ಲಿ ಹಾಡು ಕೇಳಿದನಂತೆ.

"ಆ ಹಾಡು ನಂದಲ್ಲ, ಅಣ್ಣಂದು," ಎಂದ. "ನೀರು ನುಗ್ಗಿದಾಗ ದನ ಬಿಚ್ಚೋಕೆ ಹೋದವನು ವಾಪಸ್ ಬರಲಿಲ್ಲ. ಅತ್ತಿಗೆ ಮೊದಲೇ ತೀರಿಕೊಂಡಿದ್ದಳು. ಈ ಮಗು ಒಂದು ಎಲ್ಲಿದೆ ಅಂತ ಗೊತ್ತಿರಲಿಲ್ಲ."

"ಹಾಡಿ," ಎಂದಳು ಅಲುವೇಲ್.

ಚಗಾಯ್ ಕಣ್ಣು ಮುಚ್ಚಿದ. ದನಿ ಒಡಕಾಗಿತ್ತು. ಆದರೂ ಅರ್ಧ ದಾಟಿತು. ರೇಡಿಯೊ ಕೇಳಿದ ಯಾರೂ ಕಾಲಿಡದ ಕಡೆಗೆ ಹೋಯಿತು. ಅಲುವೇಲ್ ಕಿವಿಗೆ ಒತ್ತಿಕೊಂಡಿದ್ದ ಫೋನಿನ ಹಾಡಿನ ಜೊತೆ ಹೋಲಿಸುತ್ತಿದ್ದಳು. ‘ಕೊಂಬಿನ ನಡುವೆ ಬೆಳ್ಳಕ್ಕಿ ಕೂತಿತು...’ ಎಂದು ಅವನು ಹಾಡಿ, ಅಲ್ಲೇ ತಡವರಿಸಿದ. ಫೋನಿನಲ್ಲಿ ಇದ್ದದ್ದು ಬೆಳ್ಳಕ್ಕಿಯಲ್ಲ. ಅವನು ಇನ್ನೊಮ್ಮೆ ಪ್ರಯತ್ನಿಸಿದ. ಮತ್ತೆ ಬೆಳ್ಳಕ್ಕಿಯೇ ಬಂದು ಕೂತಿತು. ಮುಂದಿನದು ಅವನಿಗೆ ಬರಲಿಲ್ಲ.

ಅಲುವೇಲ್ ಫೋನಿನ ಹಾಡು ನಿಲ್ಲಿಸಿದಳು. ಪೂರ್ತಿ ಹಾಡದವನ ಮುಂದೆ ಮಗುವನ್ನು ತರಬಾರದು ಎಂದು ಕಟ್ಟಪ್ಪಣೆ ಮಾಡಿದ್ದವಳು ಅವಳೇ. "ನೋಡಿ, ಚಗಾಯ್..." ಎಂದು ಶುರು ಮಾಡಿದಳು.

"ಹಾಗಲ್ಲ," ಎಂದಿತು ಡೇರೆಯ ಹಿಂಬದಿಯಿಂದ ಒಂದು ದನಿ.

ಟಾರ್ಪಾಲಿನ ಅಂಚು ಮೇಲೆದ್ದು, ಕೆಳಗಿನಿಂದ ಅದುತ್‌ಳ ಬೋಳು ತಲೆ ತೂರಿ ಬಂತು. ಯಾವಾಗ ಬಂದು ಕೇಳಿಸಿಕೊಳ್ಳುತ್ತಿದ್ದಳೋ, ಮುಖದ ತುಂಬ ಸಿಟ್ಟು.

"ಬೆಳ್ಳಕ್ಕಿ ಅಲ್ಲ, ಬೆಳ್ಳಿಚುಕ್ಕಿ. ಅಪ್ಪ ಎಷ್ಟು ಸಲ ಹೇಳಿಕೊಟ್ಟ. ನೀನು ಯಾವಾಗ್ಲೂ ಅಲ್ಲೇ ತಪ್ತೀಯ, ಚಿಕ್ಕಪ್ಪ."

ಅಲುವೇಲ್ ಫೋನನ್ನು ಕಿವಿಯಿಂದ ಇಳಿಸಿದಳು.

ಚಗಾಯ್ ನಿಂತಲ್ಲೇ ಕೂತ. ಮೊಣಕಾಲು ಹಿಡಿದಿದ್ದ ಅಂಗೈಯಿಂದ ಮುಖ ಒರೆಸಿಕೊಂಡು, ಕೆಸರನ್ನೆಲ್ಲ ಕೆನ್ನೆಗೆ ಬಳಿದುಕೊಂಡ.

"ಹೌದು ಕಣವ್ವ, ಅಲ್ಲೇ ತಪ್ತೀನಿ," ಎಂದ. "ಇನ್ಮೇಲೆ ನೀನೇ ಹೇಳಿಕೊಡಬೇಕು."

ಅದುತ್ ಒಳಗೆ ನುಸುಳಿ ಬಂದು, ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕೂತಳು.

"ಮೊದಲಿಂದ ಹೇಳ್ತೀನಿ," ಎಂದಳು. "ನಡುವೆ ಅಳಬಾರದು."