ಕಲ್ಲು ನಿಲ್ಲಿಸಿದ ಮೇಲೆ

ಹಾಯಿದೋಣಿಯ ಮೇಲೆ ಎರಡು ತಲೆ ಕಂಡಿದ್ದವು. ದಡಕ್ಕೆ ಬಂದದ್ದು ಒಬ್ಬಳೇ.

"ಇನ್ನೊಬ್ಬ ಒಳಗೆ ನುಸುಳಿಬಿಟ್ಟ. ಏನೋ ಕಳ್ಳಮಾಲು ಇರಬೇಕು, ಯೂಲಿನಕ್ಕ," ಎಂದ ಬಲೆ ಹೆಣೆಯುತ್ತ ಕೂತಿದ್ದ ಗಿಫ್ಟನ್.

"ನಿನ್ನ ಬಲೆಗೆ ಬೀಳೋ ಮೀನಲ್ಲ ಅದು. ಸುಮ್ನೆ ಹೆಣಿ," ಎಂದು ಯೂಲಿನ್ ಬಾಣಲೆಯ ಮೀನು ಮಗುಚಿದಳು. ಕ್ಯಾರಿಯಾಕೂ ದ್ವೀಪದ ಆ ದಡದಲ್ಲಿ ಊಟ ಸಿಗುತ್ತಿದ್ದುದು ಅವಳ ಗುಡಿಸಲಲ್ಲಿ ಮಾತ್ರ.

ಬಂದವಳು ಮಾರ್ಟಿನೀಕ್ ದ್ವೀಪದ ಕಡೆಯವಳು, ಸೋಲಾಂಜ್ ಅಂತ. ನಿದ್ದೆಗೆಟ್ಟ ಕಣ್ಣು. ಇಷ್ಟು ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ಜೋಳದ ಮುದ್ದೆ, ಹುರಿದ ಮೀನು ಹಾಕಿಸಿಕೊಂಡಳು, ಮುಟ್ಟಲಿಲ್ಲ.

"ನಿಮ್ಮ ಯಜಮಾನ್ರು?" ಎಂದು ಕೇಳಿದಳು.

"ಆಲ್ಬನ್ನಾ? ಸಮುದ್ರಕ್ಕೆ ಹೋದ, ಬರ್ಲಿಲ್ಲ."

ಉಳಿದದ್ದನ್ನು ಗಿಫ್ಟನ್ ಹೇಳಿದ. ಗಂಡ ಹೆಂಡತಿ ಜೊತೆಗೇ ಮೀನಿಗೆ ಹೊರಟಿದ್ದರು. ದೋಣಿ ತಿರುಗಿ ಬಂದಾಗ ಅದರಲ್ಲಿದ್ದವಳು ಯೂಲಿನ್ ಒಬ್ಬಳೇ. ಹೆಣ ಸಿಗಲಿಲ್ಲ. ಆದರೂ ಊರವರು ಸ್ಮಶಾನದಲ್ಲಿ ಕಲ್ಲು ನಿಲ್ಲಿಸಿ, ಆಡು ಕಡಿದು, ಡೋಲು ಬಾರಿಸಿ ಸತ್ತವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದರು.

"ಯೂಲಿನಕ್ಕ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಅಷ್ಟು ಗಟ್ಟಿ ಜೀವ," ಎಂದು ಹೆಮ್ಮೆಯಿಂದ ಹೇಳಿ, ಗಿಫ್ಟನ್ ಬಲೆ ಹೊತ್ತು ಹೊರಟ.

ಅವನು ಮರೆಯಾಗುವವರೆಗೆ ಸೋಲಾಂಜ್ ಕಾದಳು.

"ಅವನು ಬದುಕಿದಾನೆ, ಅಕ್ಕ. ನನ್ನ ದೋಣಿಯಲ್ಲಿದಾನೆ."

ಯೂಲಿನ್ ಸೌಟು ಕೆಳಗಿಟ್ಟಳು.

"ಹಿಂದೆ ಮುಂದೆ ಯಾರೂ ಇಲ್ಲ ಅಂತ ನಂಬಿಸಿದ್ದ. ಮೊನ್ನೆ ಕುಡಿದಾಗ ನಿಮ್ಮ ಹೆಸರು ಬಾಯಿಬಿಟ್ಟ. ಈ ದಡ ಕಂಡಿದ್ದೇ ತಡ, ಒಳಗೆ ಹೋಗಿ ಚಿಲಕ ಹಾಕ್ಕೊಂಡ. ನಿಮಗೆ ಮುಖ ತೋರ್ಸೋಕೆ ನಾಚಿಕೆ ಇರಬೇಕು."

"ಇರಬೇಕು."

"ನಾನು ಅವನನ್ನ ವಾಪಸ್ಸು ಕೊಡೋಕೆ ಬಂದಿದೀನಿ." ಸೋಲಾಂಜ್ ಅಂಗಿಯ ತೋಳು ಮೇಲೆ ಸರಿಸಿದಳು. ಮೊಣಕೈವರೆಗೂ ನೀಲಿಗಟ್ಟಿತ್ತು. "ನನ್ನ ಕೈಲಾಗಲ್ಲ. ನಿಮ್ಮ ಗಂಡ, ನೀವೇ ಇಟ್ಕೊಳ್ಳಿ."

ಯೂಲಿನ್ ಆ ಬಾಸುಂಡೆಗಳನ್ನು ಹೊಸದೇನೂ ಅಲ್ಲವೆಂಬಂತೆ ನೋಡಿದಳು.

"ಇಲ್ಲಿ ಇಳಿಸೋ ಹಾಗಿಲ್ಲ, ತಂಗಿ. ಊರೆಲ್ಲ ಅವನ ತಿಥಿ ಊಟ ಉಂಡಾಗಿದೆ."

ಸೋಲಾಂಜ್ ಬಿಕ್ಕಿ ಬಿಕ್ಕಿ ಅತ್ತಳು. ಯೂಲಿನ್ ಆರಿಹೋದ ತಟ್ಟೆ ಎತ್ತಿ ಬಿಸಿ ಬಿಸಿ ಮೀನು ಬಡಿಸಿದಳು.

"ಅವನು ನಿಂಗೆ ಸಿಕ್ಕಿದ್ದೆಲ್ಲಿ?"

"ಆಚೆ ಸಮುದ್ರದ ನಡುವೆ ಒಂದು ಮರಳುದಿಬ್ಬದಲ್ಲಿ. ಒಂದು ಮರ ಇಲ್ಲ, ಹನಿ ನೀರಿಲ್ಲ. ಒಬ್ಬನೇ ನಿಂತು ಕೈ ಬೀಸ್ತಿದ್ದ. ಪಾಪ ಅಂತ ಹತ್ತಿಸ್ಕೊಂಡೆ."

"ತಿನ್ನು, ಆರೋಗತ್ತೆ," ಎಂದಳು ಯೂಲಿನ್. "ಈ ಸಲ ಇನ್ನೂ ದೂರದ ದಿಬ್ಬ ನೋಡು. ನಾನು ತೀರಾ ಹತ್ತಿರದಲ್ಲಿ ಬಿಟ್ಟುಬಂದೆ."