ಮಡಚಿಟ್ಟ ಹೆಬ್ಬೆರಳು

"ಪುಟ್ಟಿ, ಎಷ್ಟು ವರ್ಷ ನಿಂಗ?" ಎಂದು ವಕೀಲೆ ಶುಭಾ ಕೇಳಿದ್ದೇ ತಡ, ಪಂಪಾ ಹೆಬ್ಬೆರಳನ್ನು ಅಂಗೈಯೊಳಗೆ ಬಿಗಿಯಾಗಿ ಮಡಚಿ ನಾಲ್ಕು ಬೆರಳು ಎತ್ತಿ ಹಿಡಿದಳು. ಆಮೇಲೆ ಸರಿಯಾಯಿತೇ ಎಂಬಂತೆ ಅವ್ವನ ಮುಖ ನೋಡಿದಳು.

"ನಾಕು ನಡದೈತ್ರಿ ಮೇಡಂ," ಎಂದಳು ರೇಣುಕಾದೇವಿ. ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಅಂಗಡಿ ಇಟ್ಟುಕೊಂಡವಳು. ಗಂಡ ಹುಲಿಗೇಶ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಾನೆ. ಹೊಡೆಯುವವನಲ್ಲ, ಮನೆಗೆ ಬರುವವನೂ ಅಲ್ಲ. ಅವನಿಂದ ವಿಚ್ಛೇದನ ಬೇಕೆಂದು ಹೊಸಪೇಟೆಯ ಈ ಆಫೀಸಿನ ಮೆಟ್ಟಿಲು ಹತ್ತಿದ್ದಳು. ಉಳಿದದ್ದು ಏನಾದರೂ ಆಗಲಿ, ಮಗಳು ಮಾತ್ರ ಕೈತಪ್ಪಬಾರದು.

"ಹುಟ್ಟಿದಹಬ್ಬಕ್ಕ ಅಂಗನವಾಡ್ಯಾಗ ಚಾಕ್ಲೇಟ್ ಹಂಚಿದ್ಯಾ?" ಶುಭಾ ಹುಡುಗಿಯನ್ನು ಮಾತಿಗೆಳೆದಳು.

"ಇಲ್ಲ. ಅವತ್ತು ನಂಗ ಜ್ವರ ಅಂತ ಅವ್ವ ಮನ್ಯಾಗ ಕುಂದ್ರಿಸಿದ್ಲು. ಜ್ವರಾನ ಬಂದಿರ್ಲಿಲ್ಲ. ನಂಗ ಐದು ಆಗೋದು ಬ್ಯಾಡಂತ."

ರೇಣುಕಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೇನು ಮುಚ್ಚಿಡೋದೈತ್ರಿ. ಐದು ತುಂಬಿತಂದ್ರ ಹುಡುಗಿ ಅಪ್ಪಂದು, ಕಾನೂನ ಹಂಗ ಐತಿ ಅಂತ ನಮ್ಮತ್ತಿ ಊರೆಲ್ಲಾ ಹೇಳ್ಕಂತ ತಿರುಗ್ಯಾಳ. ಆತಗ ಮಗಳು ಹುಟ್ಟಿದ ತಾರೀಖು ನೆನಪಿಲ್ಲ. ಅದಕ್ಕ ಕೇಸು ಮುಗಿಯೋತನಕ ನಾಕರಾಗ ನಿಂದ್ರಿಸೀನಿ."

"ನಿಂದ್ರಿಸಾಕ ಅದೇನು ಬಸ್ಸೇನ್ರಿ?" ಶುಭಾ ನಕ್ಕುಬಿಟ್ಟಳು. ನಗು ಮುಗಿದ ಮೇಲೆ ಕುರ್ಚಿ ಮುಂದಕ್ಕೆಳೆದು ಕುಳಿತಳು. "ನಿಮ್ಮತ್ತಿ ಅರ್ಧ ಕೇಳ್ಯಾರ. ಐದರೊಳಗಿನ ಕೂಸು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತೈತಿ. ಐದಾದ ಮ್ಯಾಲ ಅಪ್ಪಗ ಎತ್ತಿ ಕೊಡ್ರಿ ಅಂತ ಎಲ್ಲೂ ಇಲ್ಲ. ಜಡ್ಜು ನೋಡೋದು ಒಂದ: ಹುಡುಗಿಗೆ ಯಾವುದು ಒಳ್ಳೇದು. ಯಾರು ಉಣಿಸ್ತಾರ, ಯಾರು ಶಾಲಿಗೆ ಬಿಡ್ತಾರ, ಖರೇನ ಜ್ವರ ಬಂದ್ರ ಯಾರು ಎದ್ದು ಕುಂದ್ರತಾರ."

"ಆತಗ ಪಗಾರ ಜಾಸ್ತಿ ಐತ್ರಿ."

"ಇದ್ರ ಮಗಳ ಖರ್ಚಿಗೆ ಕೊಡ್ಲಿ. ಪಗಾರ ಬಂದು ಜಡಿ ಹೆಣಿತೈತೇನು?"

ಎಣ್ಣೆ ಹಚ್ಚಿ ಬಿಗಿದ ಮಗಳ ಎರಡು ಜಡೆಗಳನ್ನು ರೇಣುಕಾದೇವಿ ಹೊಸದಾಗಿ ಎಂಬಂತೆ ನೋಡಿದಳು.

"ನಿಮಗ ಸಿಗ್ತಾಳ ಅಂತ ನಾನು ಆಣಿ ಮಾಡಂಗಿಲ್ಲ," ಶುಭಾ ಮುಂದುವರಿಸಿದಳು. "ಆದ್ರ ನಿಮ್ಮ ಕಡಿ ಗಟ್ಟಿ ಐತಿ. ಕೆಡಸೋದು ಅಂದ್ರ ಈ ನಾಕು ಅನ್ನೋ ಸುಳ್ಳೊಂದ. ಕೂಸಿನ ಬಾಯಾಗ ಸುಳ್ಳು ಇಟ್ಟಾಕಿ ಅಂತಾರ. ಮತ್ತ ನೋಡ್ರಿ, ಅಪ್ಪ ಬಂದು ಮಗಳನ್ನ ಮಾತಾಡಿಸ್ಕಂಡು ಹೋಗೋದನ್ನ ಕೋರ್ಟು ಬ್ಯಾಡ ಅನ್ನಂಗಿಲ್ಲ. ಅದನ್ನ ನೀವಾಗೇ ಕರದು ಕೊಟ್ರ ನಿಮ್ಮ ತೂಕ ಹೆಚ್ಚತೈತಿ."

ಅಪ್ಪ ಬರುವ ಮಾತು ರೇಣುಕಾದೇವಿಗೆ ಮೊದಲು ಹಿಡಿಸಲಿಲ್ಲ. ಆದರೆ ಕೆಳಗಿಳಿದು ಬೀದಿಗೆ ಬರುವಷ್ಟರಲ್ಲಿ ಅದಕ್ಕೆ ಮನಸ್ಸು ಮಾಡಿದ್ದಳು. ನಿಂತಲ್ಲೇ ಗಂಡನಿಗೆ ಫೋನು ಹಚ್ಚಿದಳು.

"ಪಂಪಾಗ ಐದು ತುಂಬಿ ಹೋಗ್ಯಾವ. ನಾನ ಮುಚ್ಚಿಟ್ಟಿದ್ದೆ."

ಆ ಕಡೆ ಲಾರಿಯ ಎಂಜಿನ್ ಬಂದ್ ಆಯಿತು. "ಅಂದ್ರ... ಕರ್ಕಂಡು ಹೋಗಾಕ ಬರ್ಲಾ?" ಹುಲಿಗೇಶನ ದನಿಯಲ್ಲಿ ಗೆದ್ದವನ ಜೋರಿಗಿಂತ ಗಾಬರಿಯೇ ಹೆಚ್ಚಿತ್ತು.

"ಕೇಕ್ ತಿನ್ನಾಕ ಬಾ, ಐತ್ವಾರ. ಕರ್ಕಂಡು ಹೋಗೋ ಮಾತು ಜಡ್ಜಿನ ಮುಂದ ಆಡೂಣು."

"ಮತ್ತ ನಮ್ಮವ್ವ ಐದಾದ್ರ ನಮ್ಮದು ಅಂತಾಳಲ್ಲ?"

"ಆಕಿನೂ ಕರ್ಕಂಡು ಬಾ. ಕಾನೂನು ನಾನು ಹೇಳ್ತೀನಿ."

ಫೋನು ಇಟ್ಟಳು. ಪಂಪಾ ಸೆರಗು ಜಗ್ಗಿದಳು. "ಅವ್ವಾ, ಇನ್ನ ಐದು ಅಂತ ಎಲ್ಲಾರಿಗೂ ಹೇಳ್ಲಾ?"

"ಹೇಳು. ಜೋರಾಗೇ ಹೇಳು."

ಮಗು ಓಡಿದ್ದು ಬಸ್‌ಸ್ಟ್ಯಾಂಡಿನ ಮುಂದೆ ಸುಗಂಧಿ ಬಾಳೆಹಣ್ಣು ಮಾರುವ ಸುಂಕಲಮ್ಮನ ಬುಟ್ಟಿಯ ಹತ್ತಿರಕ್ಕೆ. ಮಾತೇ ಆಡದೆ ಇಡೀ ಅಂಗೈಯನ್ನು ಅವಳ ಮುಖದೆದುರು ಹಿಡಿಯಿತು. ಇಷ್ಟು ದಿನ ಮಡಚಿಕೊಂಡಿದ್ದ ಹೆಬ್ಬೆರಳು ಉಳಿದವುಗಳಿಂದ ದೂರ ಸೆಟೆದು ನಿಂತಿತ್ತು.

"ಐದು ಹಣ್ಣು ಬೇಕೇನಬೇ?" ಎಂದಳು ಮುದುಕಿ, ಚಿಪ್ಪಿಗೆ ಕೈ ಹಾಕುತ್ತ.

"ಏನೂ ಬ್ಯಾಡ," ಎಂದಳು ಪಂಪಾ, "ನಂಗ ಐದು ಆಗ್ಯಾವ."