ಗಂಡನ ಪಾಲಿನ ಬೆವರು

“ಉಸಿರು ಬಿಗಿ ಹಿಡ್ಕೋ” ಎನ್ನುತ್ತಾ ಕಾಂತೇಶ ಹೆಂಡತಿಯ ಎದೆಗೆ ಬೆಲ್ಟ್ ಬಿಗಿದ. ಕರಿಯ ಪಟ್ಟಿ ಕಚಗುಳಿ ಇಟ್ಟಂತಾಗಿ ವನಜಾಕ್ಷಿ ನಕ್ಕಳು. ಅದರ ಜೋಡಿಯ ಗಡಿಯಾರವನ್ನು ಅವಳ ಬಳೆಗಳ ಮೇಲೆ ಕಟ್ಟಿದ. ಎದೆಬಡಿತ ಹಿಡಿದು, ಮೈ ಎಷ್ಟು ಕ್ಯಾಲೊರಿ ಸುಟ್ಟಿತೆಂದು ಲೆಕ್ಕ ಹೇಳುವ ಇವೆರಡನ್ನೂ ತಿಪಟೂರಿನ ಡಾಕ್ಟರು ಕೊಟ್ಟಿದ್ದು ಕಾಂತೇಶನಿಗೆ. ತೂಕ ಇಳಿಸದಿದ್ದರೆ ಎದೆ ಕೊಯ್ಯಬೇಕಾದೀತು ಎಂದೂ ಹೆದರಿಸಿದ್ದರು.

ಹೆದರಿಕೆಯೇನೋ ಇತ್ತು, ಮೈ ಬಗ್ಗಬೇಕಲ್ಲ! ತಿಪಟೂರಿಗೆ ಹೊಸದಾಗಿ ಬಂದಿದ್ದ ಜಿಮ್ಮಿಗೂ ಹೋಗಿದ್ದ. ಅಲ್ಲಿಯ ಮಾಸ್ಟರ್ ಹಗ್ಗ ಜಿಗಿಸಿ, ಕೂರಿಸಿ, ಏಳಿಸಿ, ಕಬ್ಬಿಣ ಎತ್ತಿಸಿ, ಮತ್ತೆ ಓಡಿಸಿ, ನಡುವೆ ಒಂದು ಗುಟುಕು ನೀರಿಗೂ ಬಿಡದೆ ಕುಣಿಸಿದ. ಕೊಬ್ಬರಿ ಮಂಡಿಯ ಗಾದಿಗೆ ಅಂಟಿಕೊಂಡಿದ್ದ ಮೈ ಅದು. ವಾರ ತುಂಬುವ ಮೊದಲೇ “ಈ ಸಾವಿಗಿಂತ ಆ ಸಾವೇ ವಾಸಿ” ಎಂದು ಕಿಬ್ಬನಹಳ್ಳಿಯ ಮನೆಗೆ ಬಂದು ಮಲಗಿದ.

“ನಾನು ಕಟ್ಕೊಂಡ್ರೆ ಡಾಕ್ಟ್ರು ಬೈಯಲ್ವೇನ್ರೀ?” ಈಗ ವನಜಾಕ್ಷಿ ಬೆಲ್ಟನ್ನು ಮುಟ್ಟಿ ನೋಡಿಕೊಂಡಳು.

“ಯಾಕ್ ಬೈತಾರೆ? ಭೀಮನ ಅಮಾಸೆ ದಿನ ಉಪಾಸ ಇರೋಳು ನೀನು. ಆಯಸ್ಸು ಯಾರಿಗೆ?”

“ನಿಮ್ಗೆ.”

“ಇದೂ ಹಂಗೇ ಕಣೇ. ನೀನು ಹೊಟ್ಟೆ ಕಟ್ಟಿದ್ರೆ ನನಗೆ ಬರೋ ಆಯಸ್ಸು, ನೀನು ಬೆವರು ಸುರಿಸಿದ್ರೆ ಬರಲ್ವಾ?”

ತಮಾಷೆಗೆಂದೇ ಹೇಳಿದ್ದು. ಆದರೆ ಅವನು ಅರ್ಧ ನಂಬಿದ, ಅವಳು ಪೂರ್ತಿ ನಂಬಿದಳು. ಗಂಡನಿಗೆ ಏನಾದರೂ ಆದರೆ ಎಂಬ ದಿಗಿಲಿಗೆ ಅವಳಿಗೆ ಅನ್ನವೇ ಸೇರುತ್ತಿರಲಿಲ್ಲ. ಜಿಮ್ಮಿನಲ್ಲಿದ್ದದ್ದೆಲ್ಲ ಅವಳ ಮನೆಯಲ್ಲೇ ಇತ್ತು: ಅಟ್ಟ ಹತ್ತಿ ಒಣಗಿದ ಕಾಯಿ ಇಳಿಸುವುದು, ಮಂಕರಿ ಬುಟ್ಟಿ ಹೊರುವುದು, ಬಗ್ಗಿ ಸಗಣಿ ಬಾಚುವುದು, ಕಾಯಿ ಸುಲಿದ ಮಟ್ಟೆ ಒಟ್ಟುವುದು. ಸಾಲದೆಂದು ಆಳುಗಳ ಕೆಲಸವನ್ನೂ ಕಿತ್ತುಕೊಂಡು ಮಾಡಿದಳು. ಸಂಜೆ ಗಡಿಯಾರ ನೋಡಿದ ಕಾಂತೇಶ “ಭೇಷ್!” ಎಂದು ಒಂದು ಹೋಳು ಕೊಬ್ಬರಿಗೆ ಬೆಲ್ಲ ಸೇರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ತಿಂಗಳಾದ ಮೇಲೆ ಇಬ್ಬರೂ ಆಸ್ಪತ್ರೆಗೆ ಹೋದರು. ವನಜಾಕ್ಷಿ ಹೊರಗಿನ ಬೆಂಚಿನ ಮೇಲೆ ಕೂತಳು. ಡಾಕ್ಟರು ಮೊದಲು ಕಾಂತೇಶನ ತೂಕ ನೋಡಿದರು. “ಇಷ್ಟೊಂದು ಸುಟ್ಟಿದ್ದೀರಿ, ತೂಕ ಮಾತ್ರ ಏರಿದೆಯಲ್ಲ!” ಎಂದು ಗಡಿಯಾರದಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿದರು. ಪರದೆಯ ಮೇಲೆ ಮೂಡಿದ ಗೆರೆಗಳನ್ನು ನೋಡಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಕಾಂತೇಶ್, ನಿಮಗೆ ಕಣ್ಣು ಕತ್ತಲೆ ಬರುತ್ತಾ? ಎದೆ ಹಿಡಿದ ಹಾಗೆ ಆಗುತ್ತಾ?”

“ಇಲ್ವಲ್ಲ ಸಾರ್.”

“ಆಗದೆ ಇರೋಕೆ ಸಾಧ್ಯವೇ ಇಲ್ಲ. ಕೆಲಸ ನಿಲ್ಲಿಸಿ ಎಷ್ಟು ಹೊತ್ತಾದರೂ ಬಡಿತ ಇಳಿದಿಲ್ಲ. ನಡುನಡುವೆ ತಾಳ ತಪ್ಪಿದೆ. ಈ ಎದೆ ಇನ್ನು ಒಂದು ಬಿಂದಿಗೆ ನೀರೂ ಎತ್ತಬಾರದು. ನಾಳೆಯೇ ಬೆಂಗಳೂರಿಗೆ ಹೋಗಬೇಕು ನೀವು.”

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕಾಂತೇಶನಿಗೆ ಮೊದಲು ಆದದ್ದು ಸಂತೋಷವೇ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ! “ಅಯ್ಯೋ, ಅದು ನಂದಲ್ಲ ಸಾರ್!” ಎಂದು ನಕ್ಕೇಬಿಟ್ಟ.

“ಮತ್ತೆ ಯಾರದು?”

ನಗು ಅಲ್ಲಿಗೇ ನಿಂತಿತು. ಹೋದ ವಾರ ವನಜಾಕ್ಷಿ ಅಟ್ಟದ ಏಣಿಯ ಬುಡದಲ್ಲಿ ಸೆರಗು ಬಾಯಿಗೊತ್ತಿಕೊಂಡು ಕುಸಿದು ಕೂತಿದ್ದಳು. “ಕೂತ್ಕಬ್ಯಾಡ ಕಣೇ, ಲೆಕ್ಕ ನಿಂತೋಯ್ತದೆ” ಎಂದವನು ಇವನೇ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು ಮತ್ತೆ ಅಟ್ಟ ಹತ್ತಿದ್ದಳು.

“ನನ್ ಹೆಂಡ್ತೀದು ಸಾರ್” ಎಂದ.

ಡಾಕ್ಟರು ಬೈಯಲಿಲ್ಲ. ಬೆಲ್ಟನ್ನೂ ಗಡಿಯಾರವನ್ನೂ ಅವನ ಕೈಗೆ ಕೊಟ್ಟು, “ಮೊದಲು ಅವರನ್ನ ಒಳಗೆ ಕರ್ಕೊಂಡು ಬನ್ನಿ” ಎಂದರು.

ಅವನು ಹೊರಗೆ ಬಂದದ್ದೇ ತಡ, ವನಜಾಕ್ಷಿ ಬೆಂಚಿನಿಂದ ಎದ್ದು ನಿಂತಳು. “ಏನಂದ್ರು? ನಿಮ್ ಎದೆ ಹೆಂಗೈತಂತೆ?”

“ನಂದು... ನಂದಕ್ಕೇನೂ ಆಗಿಲ್ಲ ಕಣೇ.”

ಅವಳು ಕಣ್ಣು ಮುಚ್ಚಿ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಮುಖ ಅರಳಿತು. ಗೋಡೆ ಹಿಡಿದು ಒಂದೆರಡು ಸಲ ಉಸಿರು ಎಳೆದುಕೊಂಡು, ಅವನ ಮುಷ್ಟಿಯಲ್ಲಿದ್ದ ಬೆಲ್ಟಿಗೆ ಕೈ ಚಾಚಿದಳು.

“ಕೊಡಿ ಇತ್ಲಾಗೆ. ಇನ್ನೊಂದ್ ತಿಂಗ್ಳು ಕಟ್ಕೋತೀನಿ.”